ಸೋಫಾ ಭದ್ರಾವತಿಗೆ ಹೋಗಬೇಕಂತೆ

ಸ್ಟುಡಿಯೋದವರು ಅಣ್ಣನ ಮಗಳ ಮದುವೆ ಫೋಟೋಗಳನ್ನು ಕಳಿಸಿದ್ದಾರೆ. ಆಲ್ಬಂಗೆ ಚೆನ್ನಾಗಿರುವುದನ್ನು ಆರಿಸಿ ಕೊಡಬೇಕಂತೆ. ಅಣ್ಣ ಆ ಕೆಲಸವನ್ನೂ ನನಗೇ ದಾಟಿಸಿದ. ಸರಿ ಅಂತ ಕೂತರೆ, ಆರತಕ್ಷತೆಯ ಕೊನೆಯ ಫೋಟೋಗಳಲ್ಲೆಲ್ಲ ಮದುಮಕ್ಕಳ ಹಿಂದೆ ಒಂದು ಕಪ್ಪು ಗ್ರಾನೈಟ್ ಕಲ್ಲು. ಛತ್ರ ಕಟ್ಟಲು ಹಣ ಕೊಟ್ಟ ದಾನಿಗಳ ಪಟ್ಟಿ. ಹುಡುಗನ ಎಡಗಿವಿಯ ಪಕ್ಕ 5,001 ರೂಪಾಯಿ. ಹುಡುಗಿಯ ಮೊಗ್ಗಿನ ಜಡೆಯ ಹತ್ತಿರ 'ಮಾತೃಶ್ರೀಯವರ ಸ್ಮರಣಾರ್ಥ'. ಇದರಲ್ಲಿ ಯಾವುದನ್ನು ಆರಿಸೋದು, ನೀವೇ ಹೇಳಿ.

ಇಷ್ಟಕ್ಕೆಲ್ಲ ಮೂಲ ನಮ್ಮ ಭಾವನ ಒಂದು ಮಾತು. "ಮದುವೆ, ಆರತಕ್ಷತೆ ಎರಡೂ ಒಂದೇ ಛತ್ರದಲ್ಲಿ ಇಟ್ಕೊಂಡುಬಿಡಿ, ತಲೆನೋವೇ ಇರಲ್ಲ." ನಮ್ಮ ಹುಡುಗಿ ಸಾಗರದ ಕಡೆ, ಹುಡುಗ ತೀರ್ಥಹಳ್ಳಿ ಕಡೆ. ಸಾಗರದಿಂದ ಶಿವಮೊಗ್ಗಕ್ಕೆ 70 ಕಿಲೋಮೀಟರ್, ತೀರ್ಥಹಳ್ಳಿಯಿಂದ 60ರ ಆಸುಪಾಸು. ಹಾಗಾಗಿ ಶಿವಮೊಗ್ಗ ಇಬ್ಬರಿಗೂ ನ್ಯಾಯ ಅಂತ ತೀರ್ಮಾನ ಆಯಿತು. ಇಬ್ಬರಿಗೂ ದೂರ ಅಂತ ಯಾರಿಗೂ ಹೊಳೆಯಲಿಲ್ಲ.

ಮಲೆನಾಡಿನಲ್ಲಿ ಮದುವೆಗೆ ತಿಂಗಳು ಸಿಗುವುದೇ ಕಷ್ಟ ಅಲ್ವಾ. ಅಡಿಕೆ ಕೊಯ್ಲು ಮುಗಿಯೋವರೆಗೆ ಯಾರಿಗೂ ಪುರುಸೊತ್ತಿಲ್ಲ. ಅದರ ಮಧ್ಯೆ ಧನುರ್ಮಾಸ. ಜೂನ್ ಬಂತೋ ಮಳೆ, ಹಿಂದೆಯೇ ಆಷಾಢ. ಉಳಿದ ಏಪ್ರಿಲ್, ಮೇ ತಿಂಗಳಲ್ಲಿ ಜಿಲ್ಲೆಯ ಅರ್ಧ ಜನ ಇನ್ನರ್ಧ ಜನರ ಮದುವೆ ಉಣ್ಣುತ್ತಿರುತ್ತಾರೆ. ಹೀಗಾಗಿ ನಮಗೆ ಛತ್ರ ಸಿಕ್ಕಿದ್ದು ಮೇ ತಿಂಗಳಲ್ಲಿ, ಶನಿವಾರ ಮಧ್ಯಾಹ್ನ 3ರಿಂದ ಭಾನುವಾರ ಮಧ್ಯಾಹ್ನ 3ರವರೆಗೆ. ಬಾಡಿಗೆ ಒಂದು, ಕರೆಂಟಿಗೆ ಮೀಟರ್ ನೋಡಿ ಬೇರೆ, ಜನರೇಟರ್ ಡೀಸೆಲ್ ಬೇರೆ, ಕ್ಲೀನಿಂಗ್ ಬೇರೆ. ಪಾತ್ರೆಗಳನ್ನು ಎಣಿಸಿ ಕೊಟ್ಟು ಎಣಿಸಿ ತಗೊಳ್ತಾರೆ. ಒಂದು ಜಾಲರಿ ಸೌಟಿನ ಲೆಕ್ಕ ಇನ್ನೂ ಬಗೆಹರಿದಿಲ್ಲ, ಅದನ್ನು ಬಿಡಿ.

ಮದುಮಗಳು ಮೊದಲೇ ಹೇಳಿದ್ದಳು, "ಅತ್ತೆ, ನಾವು ಮಂತ್ರ ಮಾಂಗಲ್ಯ ಆಗ್ತೀವಿ, ಸುಮ್ನೆ ಖರ್ಚು ಯಾಕೆ?" ಹುಡುಗನ ಊರಿನಿಂದ ಕುಪ್ಪಳಿ ಕೂಗಳತೆ. 1966ರಲ್ಲೇ ಕುವೆಂಪು ತಮ್ಮ ಮಗ ತೇಜಸ್ವಿಯವರ ಮದುವೆಯನ್ನು ಹಾಗೆ ಸರಳವಾಗಿ ಮಾಡಿಸಿ ದಾರಿ ತೋರಿಸಿದ್ದಾರೆ, ನಮಗೇನು ದಾಡಿ ಅಂತ ನಾನೂ ದನಿಗೂಡಿಸಿದೆ. ಅಣ್ಣ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, "ಇಷ್ಟು ವರ್ಷ ಎಲ್ಲರ ಮನೇಲೂ ಉಂಡಿದೀವಿ, ತೀರಿಸೋದು ಬೇಡ್ವಾ?" ಅಂದ. ಅಲ್ಲಿಗೆ ಮುಗಿಯಿತು.

ಒಂದೇ ಛತ್ರ ಅಂದ ಮೇಲೆ ಹಿಂದಿನ ರಾತ್ರಿ ಆರತಕ್ಷತೆ, ಮರುದಿನ ಬೆಳಿಗ್ಗೆ ಧಾರೆ. ಪೇಟೆಯಲ್ಲಿ ಈಗ ಎಲ್ಲರೂ ಹೀಗೇ ಮಾಡ್ತಾರೆ. ಆದರೆ ನಮ್ಮ ದೊಡ್ಡಪ್ಪನಿಗೆ ಇದನ್ನು ಒಪ್ಪಿಸುವುದು ಸಾಧ್ಯವೇ ಆಗಲಿಲ್ಲ. "ತಾಳಿನೇ ಕಟ್ಟಿಲ್ಲ, ಅಕ್ಷತೆ ಹಾಕೋದು ಯಾರಿಗೆ?" ಅಂತ ಅವರ ಪ್ರಶ್ನೆ. ಶನಿವಾರ ಸಂಜೆ ಮೊದಲ ಸಾಲಿನ ಕುರ್ಚಿಯಲ್ಲಿ ಕೂತರು, ಗೋಬಿ ಮಂಚೂರಿ ತಿಂದರು, ಸ್ಟೇಜ್ ಮಾತ್ರ ಹತ್ತಲಿಲ್ಲ. ಕರೆಯಲು ಹೋದವರಿಗೆಲ್ಲ, "ನಾಳೆ ಆಗ್ಲಿ, ನೋಡೋಣ" ಅಂದರು. ಏನೋ ಮದುವೆ ಇನ್ನೂ ಗ್ಯಾರಂಟಿ ಇಲ್ಲ ಅನ್ನುವ ಧಾಟಿಯಲ್ಲಿ. ಪಕ್ಕದಲ್ಲಿ ಕೂತ ಬೀಗರ ಮುಖ ನೋಡಬೇಕಿತ್ತು.

ಇನ್ನು ಡೆಕೋರೇಶನ್‌ನವನು. ಅವನ ಬಾಯಲ್ಲಿ ಇರುವುದು ಒಂದೇ ಮಾತು, "ಏನೂ ತೊಂದ್ರೆ ಇಲ್ಲ ಅಕ್ಕಾ." ರಾತ್ರಿ ಸೋಫಾ, ಹೂವಿನ ಗೋಡೆ, ಬಣ್ಣದ ಲೈಟು. ಬೆಳಿಗ್ಗೆ ಅದೇ ಸ್ಟೇಜಿನ ಮೇಲೆ ಬಾಳೆಕಂಬದ ಮಂಟಪ. ಮುಹೂರ್ತ 7:05ಕ್ಕೆ, ವೃಷಭ ಲಗ್ನ. ಅದಕ್ಕೆ ಮುಂಚೆ ವರಪೂಜೆ, ಕಾಶಿಯಾತ್ರೆ ಎಲ್ಲ ಆಗಬೇಕು. ಅಷ್ಟರೊಳಗೆ ಆಗುತ್ತೇನಪ್ಪಾ ಅಂದರೆ "ಏನೂ ತೊಂದ್ರೆ ಇಲ್ಲ ಅಕ್ಕಾ". ಮೇ ತಿಂಗಳ ಸಂಜೆ, ಗಾಳಿ ಮಳೆ ಬಂದು ಜನ ತಡವಾಗಿ ಬಂದರೆ? ಅದಕ್ಕೂ ತೊಂದರೆ ಇಲ್ಲ. ಇಷ್ಟೊಂದು ನಿಶ್ಚಿಂತೆ ಇರುವ ಮನುಷ್ಯನನ್ನು ನಾನು ಬೇರೆಲ್ಲೂ ನೋಡಿಲ್ಲ.

ಶನಿವಾರ ಏಳು ಗಂಟೆಗೆ ಸರಿಯಾಗಿ ಗುಡುಗು, ಮಳೆ. ಕರೆಂಟ್ ಹೋಯಿತು, ಜನರೇಟರ್ ಕೆಮ್ಮಿಕೊಂಡು ಶುರುವಾಯಿತು. ಜನ ಮಳೆ ನಿಂತ ಮೇಲೆ ಒಟ್ಟಿಗೇ ನುಗ್ಗಿದರು. ಒಂಬತ್ತೂವರೆಗೆ ಫೋಟೋ ಸಾಲು ಬಾಗಿಲು ದಾಟಿತ್ತು. ಆಗ ನೋಡ್ತೀನಿ, ಸ್ಟೇಜಿನ ಮೂಲೆಯ ಲೈಟು ಇಳಿಸುತ್ತಿದ್ದಾರೆ. ಆಮೇಲೆ ಹೂವಿನ ಕುಂಡ ಹೋಯಿತು. ಆಮೇಲೆ ಹೂವಿನ ಗೋಡೆಯ ಬಲಭಾಗ. ಫೋಟೋಗ್ರಾಫರ್ ಪಾಪ, ಹೂವು ಉಳಿದಿದ್ದ ಎಡಕ್ಕೆ ಸರಿದು ಎಲ್ಲರನ್ನೂ ಅತ್ತ ತಿರುಗಿಸಿದ. ಹುಡುಗರು ಏಣಿ ಎತ್ತಿಕೊಂಡು ಎಡಕ್ಕೂ ಬಂದರು. ದಾನಿಗಳ ಕಲ್ಲು ಪೂರ್ತಿ ಕಾಣಿಸಿದ್ದು ಆಗಲೇ.

ನಾನು ಸ್ಟೇಜ್ ಹತ್ತಿ, "ಏನಪ್ಪಾ ಇದು, ಜನ ಇನ್ನೂ ನಿಂತಿದ್ದಾರೆ" ಅಂದೆ. "ಏನೂ ತೊಂದ್ರೆ ಇಲ್ಲ ಅಕ್ಕಾ, ಫೋಟೋದಲ್ಲಿ ಬರೀ ಮುಖ ಬರುತ್ತೆ" ಅಂದ. ಆಮೇಲೆ ದನಿ ತಗ್ಗಿಸಿ ನಿಜ ವಿಷಯ ಹೇಳಿದ. ಆ ಸೋಫಾ ರಾತ್ರಿಯೇ ಭದ್ರಾವತಿಗೆ ಹೋಗಬೇಕು. ಅಲ್ಲಿ ಬೆಳಿಗ್ಗೆ ಇನ್ನೊಂದು ಮದುವೆ, ಅಲ್ಲಿಗೂ ಇವನದೇ ಡೆಕೋರೇಶನ್. ಗಾಡಿ ಹೊರಗೆ ಇಂಜಿನ್ ಆನ್ ಮಾಡಿಕೊಂಡೇ ನಿಂತಿತ್ತು.

ಸೋಫಾದ ಎರಡು ಕಡೆ ಇಬ್ಬರು ಹುಡುಗರು, ಹಾಲು ಕರೆಯುವವಳು ಕರು ಬಿಡಲು ಕಾಯುವ ಹಾಗೆ ಕಾಯುತ್ತಿದ್ದರು. ಮದುಮಕ್ಕಳು ಪ್ರತಿಯೊಬ್ಬರಿಗೂ ಎದ್ದು ನಿಂತು ಕೈ ಮುಗಿಯಬೇಕಲ್ಲ, ಅದೇ ಇವರಿಗೆ ಬೇಕಾಗಿದ್ದು. ಹುಡುಗನಿಗೆ ಪಾಠ ಹೇಳಿದ ಮೇಷ್ಟ್ರು ಸಂಸಾರ ಸಮೇತ ಸ್ಟೇಜ್ ಹತ್ತಿದರು. ಇವರಿಬ್ಬರೂ ಎದ್ದು, ಬಗ್ಗಿ ಕಾಲು ಮುಟ್ಟಿದರು. ತಲೆ ಎತ್ತುವಷ್ಟರಲ್ಲಿ ಸೋಫಾ ಮೆಟ್ಟಿಲು ಇಳಿದು ಊಟದ ಹಾಲ್ ಕಡೆ ಹೊರಟಿತ್ತು. ಹುಡುಗಿಯ ದುಪ್ಪಟ್ಟಾದ ತುದಿ ಸೋಫಾದ ಮೊಳೆಗೆ ಸಿಕ್ಕಿಕೊಂಡಿದ್ದರಿಂದ ಅವಳೂ ನಾಲ್ಕು ಹೆಜ್ಜೆ ಭದ್ರಾವತಿ ದಿಕ್ಕಿಗೆ ಹೋದಳು. ಜನ ಇದೇನೋ ಹೊಸ ಥರದ ಡ್ಯಾನ್ಸ್ ಅಂದುಕೊಂಡು ಚಪ್ಪಾಳೆ ತಟ್ಟಿದರು. ಕೊನೆಗೆ ಊಟದ ಹಾಲ್‌ನಿಂದ ಎರಡು ಪ್ಲಾಸ್ಟಿಕ್ ಕುರ್ಚಿ ತಂದು ಹಾಕಿದೆವು. ಸಾವಿರಾರು ರೂಪಾಯಿಯ ಮೇಕಪ್, ಕೂರಲು ಬೆನ್ನಿಗೆ ಪೇಂಟಿನಲ್ಲಿ ನಂಬರ್ ಬರೆದ ಕುರ್ಚಿ.

ರಾತ್ರಿ ರೂಮುಗಳ ಪುರಾಣ ಬೇಡ. ಬಿಸಿನೀರು ಬರುವ ರೂಮುಗಳೆಲ್ಲ ಗಂಡಿನ ಕಡೆಯವರಿಗೆ. ಉಗ್ರಾಣದ ಬೀಗದ ಕೈ ನನ್ನ ಸೊಂಟದಲ್ಲಿ ಇದ್ದಿದ್ದರಿಂದ ನಾನು ಅಕ್ಕಿ ಮೂಟೆಗೆ ಒರಗಿ ಮಲಗಿದೆ. ಮೂರು ಗಂಟೆಗೇ ಅಡುಗೆ ಭಟ್ಟರು ಬಾಗಿಲು ಬಡಿದರು. "ಬೆಳಿಗ್ಗೆ ತಿಂಡಿಗೆ ಎಷ್ಟು ಎಲೆ ಅಮ್ಮಾ?" ನನಗೇನು ಗೊತ್ತು. ರಾತ್ರಿ ಉಂಡವರಲ್ಲಿ ಎಷ್ಟು ಜನ ಉಳಿದಿದ್ದಾರೆ, ಎಷ್ಟು ಜನ ಮನೆಗೆ ಹೋಗಿದ್ದಾರೆ, ಯಾರು ಲೆಕ್ಕ ಇಟ್ಟಿದ್ದಾರೆ?

ನನ್ನ ಮದುವೆ ನಮ್ಮ ಮನೆ ಅಂಗಳದಲ್ಲೇ ಆಗಿತ್ತು. ಅಡಿಕೆ ದಬ್ಬೆ, ಸೋಗೆಯ ಚಪ್ಪರ. ಹಿಂದಿನ ರಾತ್ರಿ ಕೇರಿಯ ಹೆಂಗಸರೆಲ್ಲ ಮೆಟ್ಟುಗತ್ತಿ ಹಿಡಿದು ಬಂದು ತರಕಾರಿ ಹೆಚ್ಚಿದ್ದರು. ಆವತ್ತೂ ಗಲಾಟೆ, ಜಗಳ ಎಲ್ಲ ಇತ್ತು, ಇಲ್ಲ ಅನ್ನಲ್ಲ. ಆದರೆ ಮರುದಿನ ಗಂಡಿನ ಮನೆಯಲ್ಲಿ ಊಟ. ಅಪ್ಪ ಅಮ್ಮ ವ್ಯಾನಿನಲ್ಲಿ ಬಂದಿಳಿದು, ಕೈಕಾಲು ತೊಳೆದು ಪಂಕ್ತಿಯಲ್ಲಿ ಕೂತರು. ಬಡಿಸುವವರು ಬೇರೆ, ಉಪಚಾರ ಹೇಳುವವರು ಬೇರೆ. ಎಷ್ಟೋ ತಿಂಗಳಾದ ಮೇಲೆ ಅಪ್ಪ ಅವತ್ತು ಎರಡನೇ ಸಲ ಅಪ್ಪೆಹುಳಿ ಹಾಕಿಸಿಕೊಂಡು ನಿಧಾನಕ್ಕೆ ಉಂಡಿದ್ದನ್ನು ನಾನು ಅಡುಗೆಮನೆ ಬಾಗಿಲಿಂದ ನೋಡಿದ್ದೆ. ಒಂದೇ ಛತ್ರದಲ್ಲಿ ಆ ಒಂದು ದಿನ ಇರುವುದಿಲ್ಲ. ಭಾನುವಾರ ಅಣ್ಣ ಕೊನೆಯ ಪಂಕ್ತಿಗೆ ಬಂದಾಗ ಅನ್ನ, ತಿಳಿಸಾರು, ಉಪ್ಪಿನಕಾಯಿ ಉಳಿದಿತ್ತು. ಅದನ್ನೂ ನಿಂತುಕೊಂಡೇ ಉಂಡ, ಯಾಕಂದರೆ ಮ್ಯಾನೇಜರ್ ಮೀಟರ್ ರೀಡಿಂಗ್ ಹಿಡಿದು ಎದುರಿಗೇ ನಿಂತಿದ್ದ. ಆಗಲೇ ಎರಡೂವರೆ, ಮುಂದಿನ ಪಾರ್ಟಿಯವರ ಹೂವಿನ ಬೋರ್ಡ್ ಬಾಗಿಲಿಗೆ ಏರುತ್ತಿತ್ತು.

ಧಾರೆ ಮಾತ್ರ ಚೆನ್ನಾಗಿ ಆಯಿತು. ದೊಡ್ಡಪ್ಪ ಕೈ ತುಂಬ ಅಕ್ಷತೆ ಹಾಕಿದರು, ಸ್ವಲ್ಪ ಬೀಗರ ಕಣ್ಣಿಗೂ ಬಿತ್ತು.

ಸೊರಬದ ಮಾವ ಮಾತ್ರ ಎರಡು ದಿನವೂ ಕಾಣಲಿಲ್ಲ. ಅವರೂ ದೊಡ್ಡಪ್ಪನ ಕಾಲದವರೇ. ಮದುವೆ ಆದ ಮೇಲೆ ತಾನೇ ಆರತಕ್ಷತೆ ಅಂತ ಕಾರ್ಡು ಸರಿಯಾಗಿ ನೋಡದೆ ಭಾನುವಾರ ಸಂಜೆ ಆರೂವರೆಗೆ ಛತ್ರಕ್ಕೆ ಬಂದಿದ್ದಾರೆ. ಸಾಲಿನಲ್ಲಿ ನಿಂತು, ಸ್ಟೇಜ್ ಹತ್ತಿ, ಹರಸಿ, ಕವರ್ ಕೊಟ್ಟು, ಫೋಟೋ ತೆಗೆಸಿಕೊಂಡಿದ್ದಾರೆ. ರಾತ್ರಿ ಫೋನ್ ಮಾಡಿದರು. "ಹೋಳಿಗೆ ಬಿಸಿ ಇತ್ತು. ಮೇಕಪ್‌ನಲ್ಲಿ ಹುಡುಗಿ ಗುರುತೇ ಸಿಗಲಿಲ್ಲ. ಅದಿರ್ಲಿ, ನಿಮ್ಮ ಕಡೆಯವರು ಒಬ್ಬರೂ ಮಾತಾಡಿಸಲಿಲ್ಲವಲ್ಲೇ, ಏನು ಕೋಪ ನನ್ನ ಮೇಲೆ?"

ಈಗ ಅವರನ್ನು ಸಮಾಧಾನ ಮಾಡಲು ಅಣ್ಣ ನನ್ನನ್ನೇ ಸೊರಬಕ್ಕೆ ಕಳಿಸುತ್ತಿದ್ದಾನೆ. ಆಲ್ಬಂ ಕೆಲಸ ಬಂದ ಮೇಲೆ ನೋಡಬೇಕು.