ಹಾಸ್ಯಗಾರರ ಸಿಟ್ಟನ್ನೂ ಹಾಸ್ಯವೆಂದು ಒಪ್ಪಬೇಕೇ? (ಪರ-ವಿರೋಧ)

ಆಸ್ಟ್ರೇಲಿಯಾದ ಹ್ಯಾನಾ ಗ್ಯಾಡ್ಸ್‌ಬಿ ಸಿಡ್ನಿಯ ಒಪೇರಾ ಹೌಸ್‌ನಲ್ಲಿ ನಡೆಸಿಕೊಟ್ಟ ‘ನ್ಯಾನೆಟ್’ ಎಂಬ ಸ್ಟ್ಯಾಂಡ್-ಅಪ್ ಕಾರ್ಯಕ್ರಮವು 2018ರ ಜೂನ್‌ನಲ್ಲಿ ನೆಟ್‌ಫ್ಲಿಕ್ಸ್‌ನಲ್ಲಿ ಬಂದಾಗ ನೋಡಿದವರು ಎರಡು ಪಾಲಾದರು. ಕೆಲವರು ಕಣ್ಣೀರಿಟ್ಟರು, ಕೆಲವರು ಇದು ಭಾಷಣವೇ ಹೊರತು ಹಾಸ್ಯವಲ್ಲ ಎಂದರು. ಮೈಸೂರಿನಲ್ಲಿ ನಾಟಕ, ಹಾಸ್ಯಸಂಜೆಗಳಿಗೆ ತಪ್ಪದೆ ಹೋಗುವ ನಮ್ಮಂಥವರ ನಡುವೆ ಈ ತಕರಾರು ಇನ್ನೂ ಮುಗಿದಿಲ್ಲ. ಅದರ ಎರಡು ವಾದಗಳು ಇಲ್ಲಿವೆ.

ಪರ

ಕಾರ್ಯಕ್ರಮದ ಮೊದಲ ಭಾಗದಲ್ಲಿ ಗ್ಯಾಡ್ಸ್‌ಬಿ ಒಂದು ಪ್ರಸಂಗ ಹೇಳುತ್ತಾರೆ. ಬಸ್ ನಿಲ್ದಾಣದಲ್ಲಿ ಒಬ್ಬಾತ ಅವರನ್ನು ಗಂಡಸೆಂದು ತಿಳಿದು, ತನ್ನ ಗೆಳತಿಯ ಹಿಂದೆ ಬಿದ್ದಿದ್ದಾರೆಂದು ಹೊಡೆಯಲು ಬರುತ್ತಾನೆ. ಹೆಂಗಸೆಂದು ಗೊತ್ತಾದೊಡನೆ ಪೆಚ್ಚಾಗಿ ಹಿಂದೆ ಸರಿಯುತ್ತಾನೆ. ಸಭೆ ಗೊಳ್ಳೆಂದು ನಗುತ್ತದೆ. ಕೊನೆಯ ಭಾಗದಲ್ಲಿ ಅದೇ ಪ್ರಸಂಗ ಮತ್ತೆ ಬರುತ್ತದೆ, ಈ ಸಲ ಪೂರ್ತಿಯಾಗಿ: ಆತ ತಿರುಗಿ ಬಂದು ಅವರನ್ನು ಥಳಿಸಿದ, ಯಾರೂ ಬಿಡಿಸಲಿಲ್ಲ, ಅವರು ಪೊಲೀಸರಲ್ಲಿಗೂ ಹೋಗಲಿಲ್ಲ, ಆಸ್ಪತ್ರೆಗೂ ಹೋಗಲಿಲ್ಲ. ನಗೆಹನಿಗೆ ಆರಂಭ ಮತ್ತು ನಡು ಸಾಕು, ಕಥೆಗೆ ಅಂತ್ಯವೂ ಬೇಕು ಎಂಬುದು ಅವರ ವಾದ. ಹಾಗಾದರೆ ಮೊದಲ ಸಲ ನಾವು ನಕ್ಕದ್ದು ಕತ್ತರಿಸಿ ಕೊಟ್ಟ ಒಂದು ತುಂಡಿಗೆ. ಇಲ್ಲಿನ ಸಿಟ್ಟು ಹಾಸ್ಯದ ಹೊರಗಿನಿಂದ ಬಂದದ್ದಲ್ಲ. ಹಾಸ್ಯಗಾರರು ತಮ್ಮ ಕಸುಬಿನ ಒಳಗನ್ನೇ ಬಿಚ್ಚಿ ತೋರಿಸಿದಾಗ ಕಂಡದ್ದು. ಕಸುಬು ಬಲ್ಲವರಲ್ಲದೆ ಬೇರೆ ಯಾರೂ ಇದನ್ನು ಮಾಡಲಾರರು.

ಅವರು ಬೆಳೆದ ಟಾಸ್ಮೇನಿಯಾದಲ್ಲಿ ಸಲಿಂಗ ಸಂಬಂಧವು 1997ರವರೆಗೂ ಅಪರಾಧವಾಗಿತ್ತು. ಅದನ್ನು ದೂರದ ದ್ವೀಪದ ಸಂಗತಿಯೆಂದು ಪಕ್ಕಕ್ಕಿಡುವ ಮೊದಲು, ನಮ್ಮ ಸುಪ್ರೀಂ ಕೋರ್ಟು 377ನೇ ಕಲಮಿನ ಹಿಡಿತದಿಂದ ಅಂಥದೇ ಸಂಬಂಧವನ್ನು ಬಿಡಿಸಿದ್ದು 2018ರ ಸೆಪ್ಟೆಂಬರ್ 6ರಂದು, ಅಂದರೆ ಈ ಕಾರ್ಯಕ್ರಮ ನಮ್ಮ ಮನೆಗಳಿಗೆ ಬಂದು ಮೂರು ತಿಂಗಳಾಗುವ ಹೊತ್ತಿಗೆ, ಎಂಬುದನ್ನು ನೆನೆಯಬೇಕು.

ನಮ್ಮ ಊರಿನ ಹಾಸ್ಯಸಂಜೆಗಳನ್ನೇ ನೋಡಿ. ಹೆಂಡತಿಯ ಬಾಯಿ, ಕಪ್ಪು ಬಣ್ಣ, ದಪ್ಪ ಮೈ, ತೊದಲು ಮಾತು, ಹಳ್ಳಿಯ ಉಚ್ಚಾರ: ಇವಿಲ್ಲದಿದ್ದರೆ ಎಷ್ಟೋ ಭಾಷಣಕಾರರಿಗೆ ಹತ್ತು ನಿಮಿಷ ಮಾತಾಡಲು ಸರಕಿರುವುದಿಲ್ಲ. ಕಲಾಮಂದಿರದಲ್ಲಿ ಗಂಡನ ಪಕ್ಕ ಕುಳಿತ ಹೆಂಗಸರೂ ಹೆಂಡತಿಯ ಮೇಲಿನ ನಗೆಹನಿಗೆ ನಗುತ್ತಾರೆ; ನಗದಿದ್ದರೆ ‘ಅವರಿಗೆ ತಮಾಷೆ ಅರ್ಥವಾಗುವುದಿಲ್ಲ’ ಎಂಬ ಹೆಸರು ಬರುತ್ತದೆ. ಅಂಚಿನಲ್ಲಿರುವವರು ತಮ್ಮನ್ನು ತಾವೇ ಹಳಿದುಕೊಂಡು ನಗಿಸುವುದು ವಿನಯವಲ್ಲ, ಅವಮಾನ ಎಂದು ಗ್ಯಾಡ್ಸ್‌ಬಿ ಹೇಳುವಾಗ ನನಗೆ ನೆನಪಾದದ್ದು ಈ ಸಾಲುಕುರ್ಚಿಗಳು. ದಶಕಗಳ ಕಾಲ ನಗಿಸುತ್ತ, ನಗುತ್ತ ಬಂದವರಲ್ಲಿ ಒಬ್ಬರು ಒಂದು ಸಂಜೆ ‘ಇನ್ನು ಸಾಕು’ ಎಂದರೆ, ಟಿಕೆಟ್ಟಿನ ಹಣದ ಲೆಕ್ಕ ಎತ್ತುವುದು ಸಣ್ಣತನವಾಗುತ್ತದೆ.

ಸಿಟ್ಟಿನ ಹಾಸ್ಯ ಮೈಸೂರಿಗೆ ಹೊಸದೂ ಅಲ್ಲ. ಈ ಊರಿನಲ್ಲೇ ಹುಟ್ಟಿದ ಮಾಸ್ಟರ್ ಹಿರಣ್ಣಯ್ಯನವರು ‘ಲಂಚಾವತಾರ’ದಲ್ಲಿ ನಾಟಕದ ಮಾತನ್ನು ಬದಿಗೊತ್ತಿ, ಅಂದಂದಿನ ಮಂತ್ರಿಗಳನ್ನೂ ಅಧಿಕಾರಿಗಳನ್ನೂ ಕೊನೆಗೆ ಎದುರಿಗೆ ಕುಳಿತವರನ್ನೂ ಬಿಡದೆ ಝಾಡಿಸುತ್ತಿದ್ದರು. ಜನ ಬೈಸಿಕೊಳ್ಳಲೆಂದೇ ಹೋಗುತ್ತಿದ್ದರು. ಇನ್ನು ಶಾಸ್ತ್ರದ ಮಾತು ಬೇಕೆನ್ನುವವರಿಗೆ: ರೌದ್ರದಿಂದ ಕರುಣ ಹುಟ್ಟುತ್ತದೆ ಎನ್ನುತ್ತದೆ ಭರತನ ನಾಟ್ಯಶಾಸ್ತ್ರ. ಗ್ಯಾಡ್ಸ್‌ಬಿಯವರ ಸಿಟ್ಟಿಗೆ ಸಭೆಯ ಕಣ್ಣು ಒದ್ದೆಯಾದದ್ದಕ್ಕೆ ಇದಕ್ಕಿಂತ ಒಳ್ಳೆಯ ವಿವರಣೆ ನನಗೆ ಗೊತ್ತಿಲ್ಲ.

ವಿರೋಧ

ಭರತನನ್ನು ಕರೆದ ಮೇಲೆ ಅವನ ಮಾತನ್ನು ಪೂರ್ತಿ ಕೇಳಬೇಕು. ಅದೇ ಗ್ರಂಥದ ಪ್ರಕಾರ ಹಾಸ್ಯ ಹುಟ್ಟುವುದು ಶೃಂಗಾರದಿಂದ. ಅದರ ಸ್ಥಾಯಿ, ಅಂದರೆ ಮೂಲಭಾವ, ಹಾಸ; ರೌದ್ರದ ಸ್ಥಾಯಿ ಕ್ರೋಧ. ಸಭೆಯಲ್ಲಿ ಕರುಣ ಹುಟ್ಟಿತೆಂದರೆ ನಾನು ಒಪ್ಪುತ್ತೇನೆ, ಆದರೆ ಆಗ ಅದನ್ನು ಕರುಣವೆಂದೇ ಕರೆಯೋಣ. ‘ಇದು ಹಾಸ್ಯವಲ್ಲ’ ಎಂದವರೆಲ್ಲ ಕಲ್ಲುಹೃದಯದವರಲ್ಲ. ಅವರಲ್ಲಿ ಹಲವರು ಒಂದು ಕಲಾಪ್ರಕಾರದ ಬಗ್ಗೆ ಮಾತಾಡುತ್ತಿದ್ದಾರೆ, ಅದನ್ನು ನೊಂದವರ ಬಗೆಗಿನ ತಾತ್ಸಾರವೆಂದು ಓದುವುದು ಅನ್ಯಾಯ.

ಹಿರಣ್ಣಯ್ಯನವರ ಹೋಲಿಕೆಯೂ ನಿಲ್ಲುವುದಿಲ್ಲ. ಅವರು ಬೈದದ್ದು ನಿಜ, ಆದರೆ ನಗು ಆರಲು ಬಿಡುತ್ತಿರಲಿಲ್ಲ. ಬೈಗುಳದ ಬೆನ್ನಿಗೇ ಒಂದು ಕಿಡಿ ಹಾರುತ್ತಿತ್ತು, ಬೈಸಿಕೊಂಡ ಅಧಿಕಾರಿಯೂ ಮುಂದಿನ ಸಾಲಿನಲ್ಲಿ ಕುಳಿತು ನಗಬೇಕಾಗುತ್ತಿತ್ತು. ಹಾಗೆ ನಕ್ಕವನು ಅಷ್ಟರ ಮಟ್ಟಿಗೆ ತಪ್ಪೊಪ್ಪಿಕೊಂಡಂತೆ. ನಗುವಿಗಿರುವ ಈ ಬಲ ಭಾಷಣಕ್ಕಿಲ್ಲ. ‘ನ್ಯಾನೆಟ್’ನ ಕೊನೆಯ ಭಾಗದಲ್ಲಿ ಗ್ಯಾಡ್ಸ್‌ಬಿ ತಿಳಿದೇ ಈ ಬಲವನ್ನು ಬಿಟ್ಟುಕೊಡುತ್ತಾರೆ. ತಾವು ಸಭೆಯಲ್ಲಿ ಬಿಗುವನ್ನು ಹುಟ್ಟಿಸಿ ನಗೆಯಿಂದ ಸಡಿಲಿಸುತ್ತ ಬಂದವರು, ಈ ಬಾರಿ ಸಡಿಲಿಸುವುದಿಲ್ಲ ಎನ್ನುತ್ತಾರೆ. ಅವರ ನೋವಿನ ಸತ್ಯವನ್ನು ನಾನು ಪ್ರಶ್ನಿಸುತ್ತಿಲ್ಲ. ಪ್ರಶ್ನೆ ಇರುವುದು ಆ ಬಿಗುವು ಎಲ್ಲಿಗೆ ಹೋಯಿತೆಂಬುದರಲ್ಲಿ.

ನಾನು ಕಂಡಂತೆ ಅದು ಚಪ್ಪಾಳೆಗೆ ಹೋಯಿತು. ಈ ಬಗೆಯ ಸಭೆಯಲ್ಲಿ ಎದ್ದು ನಿಂತು ಚಪ್ಪಾಳೆ ತಟ್ಟುವವರು ಬೈಗುಳ ತಮಗಲ್ಲ, ಸಭೆಯಲ್ಲಿಲ್ಲದ ಯಾರಿಗೋ ಎಂದು ನಂಬಿರುತ್ತಾರೆ. ಸರಸ್ವತಿಪುರದ ಮನೆಯೊಂದರಲ್ಲಿ ಗೆಳೆಯರೆಲ್ಲ ಸೇರಿ ಇದನ್ನು ನೋಡಿದಾಗ, ಮುಗಿದ ಮೇಲೆ ಎಲ್ಲರಿಗಿಂತ ಗಟ್ಟಿಯಾಗಿ ಹೊಗಳಿದವರು, ಕಾಫಿಯ ಹೊತ್ತಿಗೆ ನೆರೆಮನೆಯ ಹುಡುಗನ ನಡಿಗೆಯನ್ನು ಅಣಕಿಸಿದರು. ಸಿಟ್ಟು ಕೇಳುಗರನ್ನು ತಿದ್ದುತ್ತದೆ ಎಂಬ ನಂಬಿಕೆಯ ಮೇಲೆ ಇಷ್ಟು ದೊಡ್ಡ ಕೀರ್ತಿ ನಿಂತಿರುವಾಗ, ನಾನು ಕಂಡದ್ದನ್ನು ಹೇಳದಿರುವುದು ಸರಿಯಲ್ಲ.

ಒಂದು ಮಾತನ್ನು ಮಾತ್ರ ಸ್ಪಷ್ಟವಾಗಿ ಹೇಳಿಬಿಡುತ್ತೇನೆ. ಇಷ್ಟಪಡದಿರುವುದು ಬೇರೆ, ಬಾಯಿ ಮುಚ್ಚಿಸುವುದು ಬೇರೆ. 2021ರ ನವೆಂಬರ್‌ನಲ್ಲಿ ಸ್ಟ್ಯಾಂಡ್-ಅಪ್ ಹಾಸ್ಯಗಾರ ಮುನವ್ವರ್ ಫಾರೂಕಿಯವರ ಬೆಂಗಳೂರಿನ ಕಾರ್ಯಕ್ರಮವನ್ನು ಪೊಲೀಸರ ಪತ್ರದ ಬೆನ್ನಿಗೆ ರದ್ದು ಮಾಡಿದಾಗ ಅಲ್ಲಿ ಪ್ರೇಕ್ಷಕರ ಪ್ರತಿಕ್ರಿಯೆಯ ಪ್ರಶ್ನೆಯೇ ಇರಲಿಲ್ಲ, ನೋಡಲು ಬಂದವರಿಗೆ ನೋಡುವ ಅವಕಾಶವೇ ಸಿಗಲಿಲ್ಲ. ನನ್ನ ವಿರೋಧವನ್ನು ಆ ಪತ್ರದ ಜೊತೆ ಯಾರೂ ಸೇರಿಸಬಾರದು. ಕಾರ್ಯಕ್ರಮ ನಡೆಯಲಿ, ನೋಡುವವರು ನೋಡಲಿ, ನೋಡಿ ಆಕಳಿಸುವ ಸ್ವಾತಂತ್ರ್ಯವೂ ಅವರಿಗಿರಲಿ ಎಂಬಷ್ಟೇ ನನ್ನ ಬೇಡಿಕೆ. ‘ನ್ಯಾನೆಟ್’ ವಿಷಯದಲ್ಲಿ ಆ ಸ್ವಾತಂತ್ರ್ಯ ಕಡಿಮೆಯಾಯಿತು; ಇಷ್ಟವಾಗಲಿಲ್ಲ ಎಂದವರು ಮೊದಲು ತಮ್ಮ ನೈತಿಕತೆಗೆ ಸಮಜಾಯಿಷಿ ಕೊಡಬೇಕಾಯಿತು.

ಹಾಸ್ಯವನ್ನು ಬಿಡಬೇಕಾಗಿದೆ ಎಂದಿದ್ದ ಗ್ಯಾಡ್ಸ್‌ಬಿ 2020ರಲ್ಲಿ ‘ಡಗ್ಲಸ್’ ಎಂಬ ಕಾರ್ಯಕ್ರಮದೊಂದಿಗೆ ನೆಟ್‌ಫ್ಲಿಕ್ಸ್‌ಗೆ ಮರಳಿದರು. ಅದರ ಆರಂಭದಲ್ಲೇ ಮುಂದೆ ಏನೇನು ಬರಲಿದೆ, ಎಲ್ಲಿ ಉಪನ್ಯಾಸ, ಎಲ್ಲಿ ತಮಾಷೆ ಎಂದು ವಿವರವಾಗಿ ಹೇಳಿಬಿಡುತ್ತಾರೆ, ಆ ವಿವರಣೆಯೇ ನಗೆ ಬರಿಸುತ್ತದೆ. ಪ್ರೇಕ್ಷಕರ ನಿರೀಕ್ಷೆಗೆ ಬೆಲೆಯಿಲ್ಲ ಎಂದು ವಾದಿಸುವವರು ಈ ಆರಂಭವನ್ನು ನೋಡಬೇಕು. ಅದನ್ನು ನೋಡಿದ ನಮ್ಮ ಬಳಗದಲ್ಲಿ ‘ಇದು ಹಾಸ್ಯವಲ್ಲ’ ಎಂದು ತಕರಾರು ತೆಗೆದವರು ಒಬ್ಬರೂ ಇಲ್ಲ.