ಕೈತೋಟಕ್ಕೆ ಉಪಚಾರ ಜಾಸ್ತಿಯಾದಾಗ

2023ರ ಜುಲೈನಲ್ಲಿ ಕೋಲಾರದ ಎಪಿಎಂಸಿಯಲ್ಲಿ 15 ಕೆ.ಜಿ. ಟೊಮೆಟೊ ಬಾಕ್ಸು ಎರಡು ಸಾವಿರ ರೂಪಾಯಿ ದಾಟಿದ್ದೇ ತಡ, ಸಂಡಿಗೆ ಒಣಗಿಸುವುದಕ್ಕೆ ಬಿಟ್ಟರೆ ಮಹಡಿ ಮೆಟ್ಟಿಲು ತುಳಿಯದವರೆಲ್ಲ ಕುಂಡ ಹೊತ್ತುಕೊಂಡು ತಾರಸಿ ಹತ್ತಿದರು. ಟೊಮೆಟೊ ಬೀಜ ನಾಟಿ ಮಾಡುವ ಸಸಿಯಾಗಲು 25ರಿಂದ 30 ದಿನ, ನಾಟಿಯಿಂದ ಮೊದಲ ಹಣ್ಣಿಗೆ ಇನ್ನೆರಡು ತಿಂಗಳು. ಜುಲೈನಲ್ಲಿ ಬಿತ್ತಿದ್ದು ಕೈಗೆ ಸಿಗುವುದು ಅಕ್ಟೋಬರಿಗೆ. ಬೆಲೆ ಸೆಪ್ಟೆಂಬರಿಗೇ ನೆಲ ಕಚ್ಚಿತ್ತು. ಮಾರುಕಟ್ಟೆ ನೋಡಿಕೊಂಡು ಬೀಜ ಹಾಕುವವರಿಗೆ ಸಿಗುವ ಫಲ ಇಷ್ಟೇ. ಪಂಚಾಂಗ ನೋಡಿಕೊಂಡು ಹಾಕುವವರಿಗೆ ಸಾರಿಗಾದರೂ ಆಗುತ್ತದೆ.

ನಮ್ಮ ಕಡೆ ಕೈತೋಟಗಳು ಬರಗಾಲಕ್ಕೆ ಸಾಯುವುದು ಕಡಿಮೆ. ಹೆಚ್ಚಿನವು ಸಾಯುವುದು ಉಪಚಾರಕ್ಕೆ.

ಉಪಚಾರ ಶುರುವಾಗುವುದು ಬಚ್ಚಲಿನಲ್ಲಿ. ತೆಂಗಿನ ನಾರಿನ ಪುಡಿ ಇಟ್ಟಿಗೆಯ ರೂಪದಲ್ಲಿ ಸಿಗುತ್ತದಲ್ಲ, ಅದರ 5 ಕೆ.ಜಿ. ಗಟ್ಟಿ ನೋಡುವುದಕ್ಕೆ ಬಹಳ ಸಾಧು. ಒಂದು ಬಕೆಟ್ಟಿಗೆ ಹಾಕಿ ನೀರು ಬಿಟ್ಟು ಕಾಫಿ ಕುಡಿಯಲು ಹೋಗುತ್ತಾರೆ. ಅದಕ್ಕೆ ಬೇಕಾದ ನೀರು ಸುಮಾರು 25 ಲೀಟರ್, ನೆನೆದ ಮೇಲೆ ಅದು ಆಗುವುದು 70 ಲೀಟರಿನಷ್ಟು. ಬಕೆಟ್ಟಿನ ಅಳತೆ 20. ಕಾಫಿ ಮುಗಿಸಿ ಬರುವಷ್ಟರಲ್ಲಿ ಗಟ್ಟಿ ಬಕೆಟ್ಟಿನಿಂದ ಎದ್ದು, ಅಂಚು ದಾಟಿ, ಬಚ್ಚಲ ಜಾಲರಿಯ ಮೇಲೆ ಕೂತಿರುತ್ತದೆ. ಇನ್ನೂ ನೀರು ಬಿಟ್ಟು ತಳ್ಳಿದರೆ ಪೈಪಿನೊಳಗೂ ಉಬ್ಬುತ್ತದೆ. ಆಮೇಲೆ ಪ್ಲಂಬರ್ ಬಂದು, ಕಂದು ಬಣ್ಣದ ಹಿಡಿಯೊಂದನ್ನು ಹೊರಗೆಳೆದು, "ಇದೇನಕ್ಕಾ, ಬಾತ್‌ರೂಮಲ್ಲಿ ತೋಟ ಮಾಡ್ತಿದೀರಾ?" ಎಂದು ಕೇಳುತ್ತಾನೆ. ಗಟ್ಟಿಯನ್ನು ಒಡೆದು, ಕಾಲು ಭಾಗವನ್ನಷ್ಟೇ ಅಗಲದ ಟಬ್ಬಿನಲ್ಲಿ, ತಾರಸಿಯ ಮೇಲೇ ನೆನೆಸಬೇಕು. ಎರಡು ಸಲ ನೀರು ಬದಲಿಸಿ ಹಿಂಡಿದರೆ ಅದರಲ್ಲಿರುವ ಉಪ್ಪೂ ಹೋಗುತ್ತದೆ.

ಮಣ್ಣಿನ ಲೆಕ್ಕ ಸುಲಭ: ಎರಡು ಪಾಲು ಕೆಂಪು ಮಣ್ಣು, ಒಂದು ಪಾಲು ಕಳಿತ ಕೊಟ್ಟಿಗೆ ಗೊಬ್ಬರ, ಒಂದು ಪಾಲು ನಾರಿನ ಪುಡಿ, ಚೀಲಕ್ಕೆ ಒಂದು ಹಿಡಿ ಬೇವಿನ ಹಿಂಡಿ. ಬರೀ ಕೆಂಪು ಮಣ್ಣು ತುಂಬಿದರೆ ಬೇಸಿಗೆಯಲ್ಲಿ ಗಟ್ಟಿ ಕಟ್ಟಿ, ಹಾಕಿದ ನೀರೆಲ್ಲ ಅಂಚಿನಿಂದಲೇ ಇಳಿದುಹೋಗುತ್ತದೆ, ಬೇರಿನ ಹತ್ತಿರ ತೇವವೇ ಇರುವುದಿಲ್ಲ. 15 ಇಂಚು ಅಗಲ, 15 ಇಂಚು ಎತ್ತರದ ಗ್ರೋ ಬ್ಯಾಗು ತುಂಬಿ ನೀರು ಹಾಕಿದರೆ 45ರಿಂದ 50 ಕೆ.ಜಿ. ತೂಗುತ್ತದೆ. ಇಪ್ಪತ್ತು ಚೀಲ ಎಂದರೆ ಹತ್ತಿರ ಹತ್ತಿರ ಒಂದು ಟನ್. ಇದನ್ನೆಲ್ಲ ತಾರಸಿಯ ನಡುಮಧ್ಯೆ ಪೇರಿಸಿ, ಕೆಳಗೆ ಹಾಲಿನಲ್ಲಿ ಕೂತು ಟಿವಿ ನೋಡುವ ಧೈರ್ಯ ಎಲ್ಲರಿಗೂ ಇರುವುದಿಲ್ಲ. ಗೋಡೆ, ತೊಲೆ ಹಾದುಹೋಗುವ ಸಾಲಿನ ಮೇಲೆ, ಚೀಲದಡಿ ಎರಡೆರಡು ಇಟ್ಟಿಗೆ ಕೊಟ್ಟು ಇಟ್ಟರೆ ನೀರು ನಿಲ್ಲುವುದಿಲ್ಲ, ಸೂರೂ ಒದ್ದೆಯಾಗುವುದಿಲ್ಲ.

ಗೊಬ್ಬರ "ಕಳಿತ" ಎನ್ನುವಲ್ಲೇ ಎಡವಟ್ಟು. ಹಾಲಿನವನಿಗೆ ಹೇಳಿ ಬೆಳಗಿನ ಬಿಸಿ ಸಗಣಿಯನ್ನೇ ತರಿಸಿ, ಗುಲಾಬಿ ಬುಡಕ್ಕೆ ಧಾರಾಳವಾಗಿ ಮೆತ್ತುವವರಿದ್ದಾರೆ. ಹಸಿ ಸಗಣಿ ಕಳಿಯುವಾಗ ಕಾವು ಬಿಡುತ್ತದೆ, ಎಳೆ ಬೇರು ಸುಡುತ್ತದೆ. ಅದು ಸಾಲದೆಂದು ದುಂಬಿ ಬಂದು ಮೊಟ್ಟೆ ಇಡುತ್ತದೆ. ಗಿಡ ಕಾರಣವಿಲ್ಲದೆ ಬಾಡಿತೆಂದು ಎಳೆದು ನೋಡಿದರೆ ಬೇರೇ ಇಲ್ಲ. ಬೇರಿದ್ದ ಜಾಗದಲ್ಲಿ ಬೆಳ್ಳಗೆ, ದಪ್ಪಗೆ, ಮೈ ಬಾಗಿಸಿಕೊಂಡ ಗೊಣ್ಣೆಹುಳುಗಳು ಮಲಗಿರುತ್ತವೆ. ಆರು ತಿಂಗಳು ಕಳಿತ, ಕೈಯಲ್ಲಿ ಹಿಡಿದರೆ ಪುಡಿಯಾಗುವ, ವಾಸನೆಯೂ ಕಾವೂ ಇಲ್ಲದ ಗೊಬ್ಬರ ಮಾತ್ರ ಕುಂಡಕ್ಕೆ.

ಇನ್ನು ನೀರು. ಸಾವಿರ ಅಡಿ ಕೊರೆದು ತೆಗೆದ ಬೋರ್‌ವೆಲ್ ನೀರಿನ ಗುಣ ಕೋಲಾರದವರಿಗೆ ಹೇಳಬೇಕಾಗಿಲ್ಲ, ಗೀಸರು ಬಿಚ್ಚಿದ ಎಲ್ಲರೂ ಒಳಗಿನ ಸುಣ್ಣ ನೋಡಿದ್ದಾರೆ. ಆ ನೀರನ್ನು ಆರ್‌ಒ ಯಂತ್ರಕ್ಕೆ ಹಾಕಿದರೆ ಒಂದು ಲೀಟರ್ ಕುಡಿಯಲು ಕೊಟ್ಟು ಎರಡು ಮೂರು ಲೀಟರ್ ಹೊರಗೆ ಬಿಡುತ್ತದೆ. "ಅಯ್ಯೋ, ಸುಮ್ಮನೆ ಹಾಳಾಗುತ್ತಲ್ಲ" ಎಂದು ಆ ನೀರನ್ನು ಭಕ್ತಿಯಿಂದ ಹಿಡಿದು ಗುಲಾಬಿಗೆ ಹಾಕುತ್ತಾರೆ. ಯಂತ್ರ ನಮ್ಮ ಹೊಟ್ಟೆಗೆ ಬೇಡವೆಂದು ಬೇರ್ಪಡಿಸಿದ ಉಪ್ಪೆಲ್ಲ ಇರುವುದು ಅದರಲ್ಲೇ. ಮೊದಲು ಎಲೆಯ ಅಂಚು ಸುಡುತ್ತದೆ, ಮಣ್ಣಿನ ಮೇಲೆ ಬಿಳಿ ಪದರ ಕಟ್ಟುತ್ತದೆ, ಆಮೇಲೆ ಗುಲಾಬಿಯ ಕಥೆ ಮುಗಿಯುತ್ತದೆ. ಆ ನೀರಿನಲ್ಲಿ ನೆಲ ಒರೆಸಿ. ಗಿಡಕ್ಕೆ ಮಳೆ ನೀರು ಹಿಡಿಯಿರಿ: ಸಾವಿರ ಚದರಡಿ ತಾರಸಿಯ ಮೇಲೆ 10 ಮಿ.ಮೀ. ಮಳೆ ಬಿದ್ದರೆ ಸುಮಾರು 900 ಲೀಟರ್. ನಮ್ಮಲ್ಲಿ ಮಳೆ ಜೋರಾಗುವುದು ಸೆಪ್ಟೆಂಬರ್, ಅಕ್ಟೋಬರಿನಲ್ಲಿ, ಉತ್ತರೆ, ಹಸ್ತ, ಚಿತ್ತೆಯ ಹೊತ್ತಿಗೆ. ಡ್ರಮ್ಮು ತೊಳೆಯಲು ಅಷ್ಟರವರೆಗೆ ಸಮಯವಿದೆ, ಆದರೆ ಯಾರೂ ತೊಳೆಯುವುದಿಲ್ಲ. ಮಳೆ ಶುರುವಾದ ಮೇಲೆ ಕೊಡೆ ಹಿಡಿದುಕೊಂಡು ತೊಳೆಯುತ್ತಾರೆ.

ಇದೇ ಗಡಸು ನೀರಿನ ಇನ್ನೊಂದು ಆಟ ಕರಿಬೇವಿನ ಮೇಲೆ. ಎಳೆ ಎಲೆ ಹಳದಿಯಾಗಿ ನರ ಮಾತ್ರ ಹಸಿರಾಗಿ ಉಳಿದರೆ ಕಬ್ಬಿಣದ ಕೊರತೆ. ಮಣ್ಣಿನಲ್ಲಿ ಕಬ್ಬಿಣ ಇಲ್ಲವೆಂದಲ್ಲ, ಕ್ಷಾರದ ನೀರು ಅದನ್ನು ಬೇರಿಗೆ ಸಿಗದಂತೆ ಮಾಡಿಬಿಟ್ಟಿರುತ್ತದೆ. ಹುಳಿ ಮಜ್ಜಿಗೆ ಸುರಿದರೆ ಮೊದಲು ಬರುವುದು ನೊಣ. ಲೀಟರ್ ನೀರಿಗೆ 5 ಗ್ರಾಂ ಅನ್ನಭೇದಿ (ಫೆರಸ್ ಸಲ್ಫೇಟ್), ಅರ್ಧ ನಿಂಬೆಹಣ್ಣಿನ ರಸ, ಸಂಜೆ ಎಲೆ ಮೇಲೆ ಸಿಂಪರಣೆ. ಅಳತೆ ತಪ್ಪಬೇಡಿ, ಬಿಳಿ ಟೈಲ್ಸ್ ಹತ್ತಿರ ಸಿಂಪಡಿಸಬೇಡಿ. ಕರಿಬೇವು ಹಸಿರಾಗುತ್ತದೆ, ಟೈಲ್ಸ್ ತುಕ್ಕಿನ ಬಣ್ಣಕ್ಕೆ ತಿರುಗುತ್ತದೆ, ಮನೆಯಾಕೆಯ ಕಣ್ಣಿಗೆ ಬೀಳುವುದು ಎರಡನೆಯದೇ.

ಟೊಮೆಟೊ ಕಾಯಿಯ ಕೆಳತುದಿ ಕಪ್ಪಾಗಿ ಗುಳಿ ಬಿದ್ದರೆ ಯಾರಾದರೂ ತಕ್ಷಣ "ಕ್ಯಾಲ್ಸಿಯಂ ಕಡಿಮೆ" ಎಂದು ತೀರ್ಪು ಕೊಡುತ್ತಾರೆ. ಅಂದಿನಿಂದ ಬೀದಿಯ ಮೊಟ್ಟೆ ಚಿಪ್ಪೆಲ್ಲ ಒಂದೇ ಕುಂಡಕ್ಕೆ. ಚಿಪ್ಪು ಕರಗಲು ತಿಂಗಳುಗಟ್ಟಲೆ ಬೇಕು. ಅದಕ್ಕಿಂತ ಹೆಚ್ಚಾಗಿ, ಗೀಸರಿನ ಕಾಯಿಲ್‌ಗೇ ಸುಣ್ಣ ಬಳಿಯುವ ನೀರು ಕುಡಿಯುತ್ತಿರುವ ಗಿಡಕ್ಕೆ ಕ್ಯಾಲ್ಸಿಯಂ ಕಡಿಮೆಯಾಗುವುದೆಲ್ಲಿಂದ? ಕೊರತೆ ಇರುವುದು ನೀರಿನ ಶಿಸ್ತಿನಲ್ಲಿ. ಎರಡು ದಿನ ಮರೆತು, ಮೂರನೆಯ ದಿನ ಎರಡು ಬಕೆಟ್ ಸುರಿದರೆ ಕ್ಯಾಲ್ಸಿಯಂ ಕಾಯಿಯ ತುದಿ ಮುಟ್ಟುವುದೇ ಇಲ್ಲ. ಬೆರಳನ್ನು ಎರಡು ಇಂಚು ಮಣ್ಣಿಗೆ ಇಳಿಸಿ. ಒಣಗಿದ್ದರೆ ನೀರು, ತೇವವಿದ್ದರೆ ಸುಮ್ಮನಿರಿ. ಏಪ್ರಿಲ್‌ನಲ್ಲಿ ದಿನಕ್ಕೆರಡು ಸಲ ಬೇಕಾಗಬಹುದು, ಡಿಸೆಂಬರಿನಲ್ಲಿ ಎರಡು ದಿನಕ್ಕೊಮ್ಮೆ ಸಾಕು. ಈ ಸುಮ್ಮನಿರುವುದೇ ಮನೆಮಂದಿಗೆ ಬಹಳ ಕಷ್ಟ. ಅಜ್ಜಿ ಬೆಳಿಗ್ಗೆ ಹಾಕಿರುತ್ತಾರೆ, ಅದು ಗೊತ್ತಿಲ್ಲದೆ ಮಗ ಹಾಕುತ್ತಾನೆ, ಸಂಜೆ ಸೊಸೆ ಗಿಡ ಬಾಡಿದೆ ಎಂದು ಮತ್ತೆ ಹಾಕುತ್ತಾಳೆ. ಗಿಡ ಬಾಡಿದ್ದು ಬೇರು ಕೊಳೆತು.

ಎಲೆ ಮೇಲೆ ಬಿಳಿ ಗೆರೆ ಸುತ್ತಿ ಸುಳಿದು ಹೋಗಿದ್ದರೆ ಗಾಬರಿ ಬೇಡ, ಅದು ರಂಗೋಲಿ ಹುಳು. ಆ ಎಲೆ ಕಿತ್ತರಾಯಿತು. ಎಲೆ ಮುದುರಿ, ಗಿಡ ಗಿಡ್ಡಾಗಿ ಕೂತರೆ ಮಾತ್ರ ಬಿಳಿ ನೊಣ ತಂದ ವೈರಸ್ಸು. ಅದಕ್ಕೆ ಔಷಧಿ ಇಲ್ಲ, ಕಿತ್ತು ಮನೆಯಿಂದಾಚೆ ಹಾಕುವುದೇ. ಬೇಸಿಗೆಯಲ್ಲಿ ಇದರ ಕಾಟ ಜಾಸ್ತಿ. ಸಸಿ ತಟ್ಟೆಗೆ ಸಣ್ಣ ಕಣ್ಣಿನ ನೈಲಾನ್ ಬಲೆ ಹೊದಿಸಿ, ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್‌ನಂಥ ರೋಗ ತಡೆಯುವ ಟೊಮೆಟೊ ತಳಿ ಹಾಕಿದರೆ ಅರ್ಧ ತಲೆನೋವು ಕಡಿಮೆ. ಬಿಳಿ ನೊಣಕ್ಕೆ ಬೇವಿನೆಣ್ಣೆ ಲೀಟರ್ ನೀರಿಗೆ 5 ಎಂ.ಎಲ್., ಸೋಪಿನ ದ್ರವ ಒಂದೆರಡು ಎಂ.ಎಲ್.; ಮೊದಲು ಎಣ್ಣೆ ಸೋಪು ಕಲೆಸಿ ಆಮೇಲೆ ನೀರು, ಐದು ಗಂಟೆಯ ಮೇಲೆ ಸಿಂಪರಣೆ. "ಬೇವು ತಾನೇ, ಏನಾಗುತ್ತೆ" ಎಂದು 50 ಎಂ.ಎಲ್. ಸುರಿದು ನಡುಮಧ್ಯಾಹ್ನ ಹೊಡೆದವರ ತೋಟದಲ್ಲಿ ಬಿಳಿ ನೊಣವೂ ಇರುವುದಿಲ್ಲ, ಎಲೆಯೂ ಇರುವುದಿಲ್ಲ.

ಸೋರೆ ಬಳ್ಳಿಯದು ಬೇರೆ ಪಂಚಾಯಿತಿ. ಮೊದಲ ಹತ್ತು ಹದಿನೈದು ದಿನ ಬರುವುದೆಲ್ಲ ಗಂಡು ಹೂವೇ. ಅಷ್ಟರಲ್ಲಿ ಪಕ್ಕದ ಮನೆಯ ಆಂಟಿ ಕಾಂಪೌಂಡಿನಿಂದಲೇ ನೋಡಿ "ಇದು ಗಂಡು ಬಳ್ಳಿ ಕಣಮ್ಮಾ, ಕಿತ್ತಾಕು" ಎಂದಿರುತ್ತಾರೆ. ಕೀಳಬೇಡಿ, ಒಂದೇ ಬಳ್ಳಿಯಲ್ಲಿ ಎರಡೂ ಬರುತ್ತವೆ. ಹೆಣ್ಣು ಹೂವಿನ ಕೆಳಗೆ ಬೆರಳುದ್ದದ ಪುಟ್ಟ ಸೋರೆಕಾಯಿ ಇರುತ್ತದೆ. ಅದು ಹಳದಿಯಾಗಿ ಉದುರಿದರೆ ಹೆಚ್ಚಾಗಿ ಪರಾಗ ಬಿದ್ದಿಲ್ಲವೆಂದು ಅರ್ಥ. ಸೋರೆ ಹೂ ಅರಳುವುದು ಸಂಜೆ, ಪರಾಗ ಒಯ್ಯುವುದು ಪತಂಗಗಳ ಕೆಲಸ. ಮೂರನೇ ಮಹಡಿಯವರೆಗೆ ಅವು ಬರಲಿಲ್ಲವೆಂದರೆ ಯಜಮಾನರೇ ಹತ್ತಬೇಕು. ಗಂಡು ಹೂ ಕಿತ್ತು, ದಳ ಸುಲಿದು, ಹೆಣ್ಣು ಹೂವಿನ ನಡುವೆ ಮೆಲ್ಲಗೆ ಸವರಬೇಕು. ರಾತ್ರಿ ಏಳಕ್ಕೆ ಹಲ್ಲಲ್ಲಿ ಮೊಬೈಲ್ ಟಾರ್ಚು ಕಚ್ಚಿಕೊಂಡು ಬಳ್ಳಿಯೊಳಗೆ ತಲೆ ತೂರಿಸಿದವರನ್ನು ಎದುರು ಮನೆಯವರು "ಏನ್ ಸಾರ್, ಡಿಶ್ ಸಿಗ್ನಲ್ ಹೋಯ್ತಾ?" ಎಂದು ಕೇಳುತ್ತಾರೆ. ಹೌದು ಎಂದುಬಿಡುವುದು ಕ್ಷೇಮ.

ಇಷ್ಟೆಲ್ಲ ನಡೆಯುವಾಗ ಖಾಲಿ ಬಿಟ್ಟ ಕುಂಡದಲ್ಲಿ ಅಣ್ಣೆ ಸೊಪ್ಪು, ಗೋಣಿ ಸೊಪ್ಪು ತಾವಾಗಿ ಎದ್ದು ತುಂಬಿಕೊಂಡಿರುತ್ತವೆ. ಕಳೆಯೆಂದು ಕಿತ್ತು ಮೂಲೆಗೆ ಹಾಕಿದ್ದನ್ನು ಊರಿಂದ ಬಂದ ಅತ್ತೆ ಆಯ್ದು, ತೊಳೆದು, ಬೆರಕೆ ಸೊಪ್ಪಿನ ಸಾರು ಮಾಡಿಬಿಡುತ್ತಾರೆ. ಆ ವರ್ಷದ ಅತ್ಯುತ್ತಮ ಫಸಲು ಸಾಮಾನ್ಯವಾಗಿ ಅದೇ.

ಕೊನೆಗೆ ಅವರೆ. ಅವರೆ ಇಲ್ಲದ ಕೋಲಾರದ ಚಳಿಗಾಲ ಉಂಟೇ? ಜನವರಿಯಲ್ಲಿ ಸಾರು ಉಂಡ ಖುಷಿಗೆ ಆಗಲೇ ನಾಲ್ಕು ನಾಟಿ ಕಾಳು ಊರುತ್ತಾರೆ. ಬಳ್ಳಿ ಯುಗಾದಿಗೆ ಪೈಪು ಹತ್ತುತ್ತದೆ, ಗಣೇಶನ ಹಬ್ಬಕ್ಕೆ ಪಕ್ಕದ ಮನೆಯ ನೀರಿನ ಟ್ಯಾಂಕು ಸುತ್ತುತ್ತದೆ, ಹೂ ಮಾತ್ರ ಇಲ್ಲ. ನಾಟಿ ಅವರೆ ಹಗಲು ಕುಗ್ಗಿದ ಮೇಲಷ್ಟೇ ಹೂ ಬಿಡುವ ಜಾತಿ. ಜುಲೈ, ಆಗಸ್ಟಿನಲ್ಲಿ ಹಾಕಿದ್ದೂ, ಜನವರಿಯಲ್ಲಿ ಹಾಕಿದ್ದೂ ಹೂ ಬಿಡುವುದು ಚಳಿಗೇ. ರಾತ್ರಿಯಿಡೀ ಬೀದಿ ದೀಪ ನೇರವಾಗಿ ಬೀಳುವ ಕಡೆ ಅದೂ ತಡವಾಗಬಹುದು, ಬಳ್ಳಿಗೆ ಇನ್ನೂ ಹಗಲೇ ಎಂಬ ಭ್ರಮೆ. ಕಾಯುವ ತಾಳ್ಮೆ ಇಲ್ಲದವರಿಗೆ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಹೆಬ್ಬಾಳ ಅವರೆ-3, ಹೆಬ್ಬಾಳ ಅವರೆ-4 ಇವೆ. ಗಿಡ್ಡ ತಳಿ, ಹಗಲಿನ ಉದ್ದದ ಹಂಗಿಲ್ಲ, ಯಾವ ಕಾಲದಲ್ಲಾದರೂ ಕಾಯಿ. ಆದರೆ ಚಳಿಯಲ್ಲಿ ಇಬ್ಬನಿ ಬಿದ್ದ ನಾಟಿ ಕಾಯಿಯ ಸೊಗಡು ಬೇರೆಯೇ. ಹೂಗೊಂಚಲಿಗೆ ಕಪ್ಪು ಹೇನು ಮುತ್ತಿದರೆ ಜೋರಾಗಿ ನೀರು ಹಾಯಿಸಿ, ಅವುಗಳ ಕಾವಲಿಗೆ ನಿಂತ ಇರುವೆಯನ್ನೂ ಓಡಿಸಬೇಕು.

ಮುಂದಿನ ಜನವರಿಗೆ ಆ ಬಳ್ಳಿ ಅಂತೂ ಅರ್ಧ ಕೆ.ಜಿ. ಕಾಯಿ ಕೊಡುತ್ತದೆ. ನಾಲ್ಕು ಜನಕ್ಕೆ ಹಿದಕಿದ ಬೇಳೆ ಸಾರಿಗೆ ಎರಡು ಕೆ.ಜಿ.ಯಾದರೂ ಬೇಕು. ಉಳಿದ ಒಂದೂವರೆ ಕೆ.ಜಿ.ಯನ್ನು ಸಂತೆಯಿಂದ ತಂದು, ನೆಂಟರು ಬರುವ ಮುಂಚೆಯೇ ಬೆರೆಸಿಬಿಡುವುದು ಒಳ್ಳೆಯದು.