ತೋಡಿನ ಆಚೆ ದಡದ ಗಿರಾಕಿ

ವಾಟ್ಸಾಪಿನಲ್ಲಿ ವ್ಯಾಪಾರ ಮಾಡುವವರಿಗೆ ಮುಖ ಇರುವುದಿಲ್ಲ, ಡಿಪಿ ಇರುತ್ತದೆ. ನನ್ನ ಗಿರಾಕಿಗಳನ್ನೇ ನೋಡಿ. ಒಬ್ಬರು ತಿರುಪತಿ ತಿಮ್ಮಪ್ಪ. ಒಬ್ಬರು ಸಿಂಹ. ಇನ್ನೊಬ್ಬರು ಹಲ್ಲು ಬಾರದ ಮಗು. ಆ ಮಗು ರಾತ್ರಿ ಹತ್ತು ಗಂಟೆಗೆ ‘ಲಾಸ್ಟ್ ರೇಟ್ ಎಷ್ಟು?’ ಎಂದು ಕೇಳುತ್ತದೆ. ಮುಖ ನೋಡಿ ಮಣೆ ಹಾಕುತ್ತಾರೆ ಅಂತ ಜನ ಆಕ್ಷೇಪ ಮಾಡುವುದುಂಟು. ಸಿಂಹ ಬಂದರೆ ಯಾವ ಮಣೆ ಹಾಕುವುದು ಹೇಳಿ.

ನನ್ನದು ಹಾಳೆ ತಟ್ಟೆಯ ವ್ಯಾಪಾರ. ಕಾಸರಗೋಡು ಜಿಲ್ಲೆಯ ಬದಿಯಡ್ಕದಿಂದ ಪೆರ್ಲಕ್ಕೆ ಹೋಗುವ ದಾರಿಯಲ್ಲಿ ಒಳಗೆ ಇಳಿದರೆ ಮನೆ, ಮನೆಯ ಪಕ್ಕ ಶೆಡ್ಡು. ಅಡಿಕೆ ಮರದಿಂದ ಸೋಗೆಯ ಜೊತೆ ಬೀಳುವ ಹಾಳೆಯಲ್ಲಿ ನಮ್ಮಜ್ಜ ಮುಟ್ಟಾಳೆ ಮಾಡಿ ತಲೆಗೆ ಇಡುತ್ತಿದ್ದರು. ಅಜ್ಜಿ ಅದರಲ್ಲಿ ಮಗುವನ್ನು ಮಲಗಿಸಿ ಮೀಯಿಸುತ್ತಿದ್ದರು. ನಾನು ಅದನ್ನು ನೆನೆಹಾಕಿ, ಉಜ್ಜಿ ತೊಳೆದು, ಬಿಸಿ ಅಚ್ಚಿನಲ್ಲಿ ಒತ್ತಿ, ಹತ್ತು ಇಂಚಿನ ತಟ್ಟೆ ಮಾಡಿ ಬೆಂಗಳೂರಿಗೆ ಕಳಿಸುತ್ತೇನೆ.

ಅಜ್ಜ ಅಡಿಕೆ ಮಾರುವಾಗ ಹೀಗಿರಲಿಲ್ಲ. ಸಾಹುಕಾರರು ಗೋಣಿಗೆ ಮೊಣಕೈ ತನಕ ಕೈ ಹಾಕಿ, ಅಡಿಯಿಂದ ನಾಲ್ಕು ಅಡಿಕೆ ತೆಗೆದು, ಒಡೆದು ನೋಡಿ, ಆಮೇಲೆ ಅಜ್ಜನ ಮುಖ ನೋಡುತ್ತಿದ್ದರು. ಅಜ್ಜನೂ ಅವರ ಮುಖ ನೋಡುತ್ತಿದ್ದರು. ರೇಟಿನ ಮಾತು ಆಮೇಲೆ.

ಈಗ ತಿಮ್ಮಪ್ಪನ ಕಥೆ. ಅವರು ಬೆಂಗಳೂರಿನಲ್ಲಿ ಕೇಟರಿಂಗ್ ನಡೆಸುವವರು. ಮೊದಲ ಮೆಸೇಜೇ ‘ಡಿಯರ್ ಸರ್, ಕೈಂಡ್ಲಿ ಸೆಂಡ್ ಬೆಸ್ಟ್ ಪ್ರೈಸ್’ ಎಂದು ಬಂತು. ಡಿಯರ್ ಸರ್ ಅಂದವರಿಗೆ ನಾವೂ ಡಿಯರ್ ಸರ್ ಅನ್ನಬೇಕಲ್ಲ, ಮರ್ಯಾದೆ. ಬೆಂಗಳೂರಿನಲ್ಲಿ ಇದ್ದಾರೆ ಅಂದ ಮಾತ್ರಕ್ಕೆ ಕನ್ನಡದವರು ಅಂತ ಹೇಳುವ ಹಾಗಿಲ್ಲ. ಅವರ ಕಡೆಯಿಂದ ನೋಡಿದರೆ ನಾನು ಅಪ್ಪಟ ಮಲಯಾಳಿ. ನನ್ನ ಜಿಎಸ್‌ಟಿ ನಂಬರ್ 32ರಿಂದ ಶುರು. 32 ಅಂದರೆ ಕೇರಳ, ಕರ್ನಾಟಕದ್ದು 29. ನನ್ನ ಫೋನ್ ಸಿಗದಿದ್ದರೆ ಒಳಗಿಂದ ಒಬ್ಬಾಕೆ ಮಲಯಾಳದಲ್ಲಿ ಸಮಾಧಾನ ಹೇಳುತ್ತಾಳೆ. 1956ರ ನವೆಂಬರ್ 1ಕ್ಕೆ ಕಾಸರಗೋಡು ಕೇರಳಕ್ಕೆ ಹೋಯಿತು, ನಮ್ಮ ಜಗಲಿಯ ಮಾತು ಎಲ್ಲಿಗೂ ಹೋಗಲಿಲ್ಲ. ಇದನ್ನೆಲ್ಲ ಬಿಲ್ಲಿನಲ್ಲಿ ಬರೆಯುವ ಕ್ರಮ ಇಲ್ಲ.

ಮಳೆಗಾಲ ಪೂರ್ತಿ ನಮ್ಮಿಬ್ಬರಿಗೂ ಇಂಗ್ಲಿಷಿನಲ್ಲಿ ಜಗಳ. ವಿಷಯ ಬೂಷ್ಟು. ಅವರು ಕಪ್ಪು ಚುಕ್ಕೆಯ ತಟ್ಟೆಯ ಫೋಟೊ ಹಾಕಿ ‘ಕ್ವಾಲಿಟಿ ನಾಟ್ ಗುಡ್’ ಅನ್ನುವುದು. ನಾನು ಇಲ್ಲಿ ಪ್ಯಾಕ್ ಮಾಡಿದ ಬೆಳ್ಳನೆಯ ತಟ್ಟೆಯ ಫೋಟೊ ಹಾಕಿ ‘ಸರ್, ಕ್ವಾಲಿಟಿ ಈಸ್ ಗುಡ್’ ಅನ್ನುವುದು. ಅದಕ್ಕೆ ಅವರದ್ದೊಂದು ಹೆಬ್ಬೆರಳು. ಅದು ಒಪ್ಪಿಗೆಯೋ ತಮಾಷೆಯೋ ಗೊತ್ತಾಗುವುದಿಲ್ಲ. ಇಂಗ್ಲಿಷಿನಲ್ಲಿ ನನಗೆ ಸಿಟ್ಟು ಸರಿಯಾಗಿ ಬರುವುದಿಲ್ಲ ಬೇರೆ. ಏನು ಬರೆದರೂ ರಜಾ ಅರ್ಜಿಯ ಹಾಗೇ ಆಗುತ್ತದೆ.

ಕೊನೆಗೆ ಅವರೇ ಬರುತ್ತೇನೆಂದರು. ಲೊಕೇಶನ್ ಕಳಿಸಿದೆ. ನಮ್ಮ ಕಡೆ ಗೂಗಲ್ ಮ್ಯಾಪಿಗೆ ಒಂದು ವಿಶ್ವಾಸ ಇದೆ: ನಡೆದು ದಾಟುವ ಅಡಿಕೆ ಮರದ ಸಂಕ ಇದ್ದಲ್ಲಿ ಕಾರೂ ಹೋಗುತ್ತದೆ ಅಂತ. ಹಾಗಾಗಿ ಕಾರು ಬಂದು ನಿಂತದ್ದು ನಮ್ಮ ತೋಡಿನ ಆಚೆ ದಡದಲ್ಲಿ. ಈಚೆ ನಾನು, ಆಚೆ ಬಿಳಿ ಅಂಗಿಯ ಒಬ್ಬರು, ಮಧ್ಯೆ ಮಳೆ ನೀರು ದಡಬಡ ಹರಿಯುತ್ತಿದೆ. ಮುಖಾಮುಖಿ ಅಂದರೆ ಮುಖಾಮುಖಿಯೇ. ‘ವೆಲ್‌ಕಮ್ ಸರ್’ ಎಂದು ಕೂಗಿದೆ. ಅವರು ಕಿವಿಗೆ ಕೈ ಇಟ್ಟರು.

ಪಕ್ಕದಲ್ಲಿದ್ದ ಹುಡುಗ ಮಲಯಾಳದಲ್ಲಿ ಕೂಗಿದ. ಅವರ ಆಫೀಸಿನವನಂತೆ, ತಿರುವನಂತಪುರದ ಕಡೆಯವನು, ದುಭಾಷಿ ಕೆಲಸಕ್ಕೆ ಕರೆತಂದದ್ದು. ನಾನು ನಮ್ಮ ಕಾಸರಗೋಡು ಮಲಯಾಳದಲ್ಲಿ, ಹಿಂದೆ ಹೋಗಿ ಭಜನಾ ಮಂದಿರದ ಹತ್ತಿರ ಎಡಕ್ಕೆ ತಿರುಗಿ ಅಂದೆ. ಹುಡುಗ ಪೆಚ್ಚಾಗಿ ನಿಂತ. ನಮ್ಮ ಮಲಯಾಳ ತೆಂಕಣದವರಿಗೆ ಅರ್ಥ ಆಗುವುದಿಲ್ಲ ಅಂತ ಕೇಳಿದ್ದೆ. ಅವತ್ತು ಕಣ್ಣಾರೆ ಕಂಡೆ. ಕಡೆಗೆ ಕೈಸನ್ನೆಯಲ್ಲೇ ದಾರಿ ಹೇಳಿದೆ.

ಸುತ್ತು ಹಾಕಿ ಶೆಡ್ಡಿಗೆ ಬಂದರು. ಸುಮಾರು ಐವತ್ತು ದಾಟಿದವರು, ತಿಮ್ಮಪ್ಪನ ಗಾಂಭೀರ್ಯ ಏನೂ ಇಲ್ಲ, ಕಾಲಿಗೆ ಕಚ್ಚಿದ ಉಂಬುಳವನ್ನು ಕೀಳಲು ಒದ್ದಾಡುತ್ತಿದ್ದರು. ಉಪ್ಪು ಹಾಕಿ ಬಿಡಿಸಿದೆ. ರೇಟಿನ ಮಾತು ಶುರುವಾಯಿತು. ನಾನು ಐದು ರೂಪಾಯಿ ಅಂದೆ. ಅವರು ಹುಡುಗನ ಕಡೆ ಬಗ್ಗಿ ಅಚ್ಚ ಮಂಡ್ಯದ ಕನ್ನಡದಲ್ಲಿ ಹೇಳಿದರು: “ನಾಕಕ್ಕೆ ಸುರು ಮಾಡು ಕಣ್ಲಾ. ಬಗ್ಗಲಿಲ್ಲ ಅಂದ್ರೆ ನಾಕೂ ಮುಕ್ಕಾಲ್‌ಗಂಟ ಹೋಗುವ. ಮಾಲು ಚೆನ್ನಾಗೈತೆ.”

ಭಾಷಾಭಿಮಾನ ಬಾಯಿ ತನಕ ಬಂತು. ಆದರೆ ತಟ್ಟೆಗೆ ಮುಕ್ಕಾಲು ರೂಪಾಯಿ ಅಂದರೆ ಹತ್ತು ಸಾವಿರ ತಟ್ಟೆಗೆ ಏಳೂವರೆ ಸಾವಿರ. ಸುಮ್ನೆ ಇದ್ದೆ. ಹುಡುಗ ಮಲಯಾಳದಲ್ಲಿ ನಾಲ್ಕು ಅಂದ. ನಾನು ತಲೆ ಅಲ್ಲಾಡಿಸಿದೆ. ಅವರು ಕನ್ನಡದಲ್ಲಿ ನಿಟ್ಟುಸಿರು ಬಿಟ್ಟರು. ಹುಡುಗ ನಾಲ್ಕೂವರೆಗೆ ಏರಿದ. ನಾನು ಮಾಡಿನ ಕಡೆ ನೋಡಿದೆ. ಜೀವಮಾನದಲ್ಲಿ ಅಷ್ಟು ಸಲೀಸಾಗಿ ನಾನು ಚೌಕಾಸಿ ಮಾಡಿದ್ದಿಲ್ಲ.

ಅಷ್ಟರಲ್ಲಿ ಬಾಗಿಲಲ್ಲಿ ನನ್ನ ಹೆಂಡತಿ. ಎಷ್ಟು ಹೊತ್ತಿನಿಂದ ನಿಂತಿದ್ದಳೋ. “ಅವರು ಆಗಲೇ ನಾಲ್ಕೂಮುಕ್ಕಾಲು ಅಂದರಲ್ಲ, ನಿಮಗೆ ಕೇಳಲಿಲ್ವಾ? ಮಾತು ಮುಗಿಸಿ ಬನ್ನಿ, ಊಟ ತಣೀತದೆ.”

ಶೆಡ್ಡಿನಲ್ಲಿ ಮೆಷಿನಿನ ಸದ್ದು ಮಾತ್ರ. ಅವರು ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ. “ಥೂ, ನಿಮ್ಮ! ಕನ್ನಡ ಬತ್ತದಾ?” ಅಂದವರೇ ಹೊಟ್ಟೆ ಹಿಡಿದುಕೊಂಡು ನಕ್ಕರು. ಹುಡುಗ ಮಾತ್ರ ತನ್ನ ಕೆಲಸ ಹೋಯಿತೋ ಏನೋ ಎಂಬಂತೆ ನಿಂತಿದ್ದ. ನಾಲ್ಕೂಮುಕ್ಕಾಲಿಗೇ ಮುಗಿಯಿತು.

ಊಟ ನನ್ನದೇ ತಟ್ಟೆಯಲ್ಲಿ. ಬಾಳೆಎಲೆ ಹಾಕುವ ಅಂತ ಹೆಂಡತಿ ಅಂದರೂ ಅವರು ಬಿಡಲಿಲ್ಲ. ಕುದಿಯುವ ಸಾರನ್ನು ತಟ್ಟೆಗೆ ಸುರಿದುಕೊಂಡು, ಅಡಿಗೆ ಅಂಗೈ ಕೊಟ್ಟು ಎತ್ತಿ ಹಿಡಿದರು. ಬೆರಳಿನಿಂದ ಅಂಚು ಸವರಿದರು. ತೇವ ಬಂದಿದೆಯಾ ಅಂತ ಅಂಗೈ ತಿರುಗಿಸಿ ನೋಡಿದರು. ಒಣಗಿಯೇ ಇತ್ತು. ಆಮೇಲೆ ಮೇಲಾರ, ಹಲಸಿನ ಹಪ್ಪಳ, ಎರಡನೆಯ ಸಲ ಅನ್ನ. “ಮತ್ತೆ ನಮ್ಮಲ್ಲಿ ಯಾಕೆ ಬೂಷ್ಟು ಬತ್ತದೆ?” ಎಂದು ಹಪ್ಪಳವನ್ನು ಕೇಳಿದರು.

ಅದಕ್ಕೆ ಉತ್ತರ ಸಿಕ್ಕಿದ್ದು ನಾನು ಬೆಂಗಳೂರಿಗೆ ಹೋದಾಗ. ಅವರ ಗೋಡೌನಿನಲ್ಲಿ ನನ್ನ ತಟ್ಟೆಯ ಕಟ್ಟುಗಳನ್ನು ಒಂದು ಗೋಡೆಗೆ ಒತ್ತಿ ಪೇರಿಸಿದ್ದರು. ಗೋಡೆಯ ಆ ಕಡೆ ಪಾತ್ರೆ ತೊಳೆಯುವ ತೊಟ್ಟಿ. ಕೈ ಇಟ್ಟರೆ ಗೋಡೆ ತಣ್ಣಗೆ ಒದ್ದೆ. ಒಂದು ಮಳೆಗಾಲ ಇಂಗ್ಲಿಷಿನಲ್ಲಿ ಹೊಡೆದಾಡಿದ್ದು ಈ ಗೋಡೆಗಾಗಿ. ಕಟ್ಟುಗಳನ್ನು ಮರದ ಹಲಗೆಯ ಮೇಲೆ ಎತ್ತಿ, ಗೋಡೆಯಿಂದ ಒಂದು ಗೇಣು ಜಾಗ ಬಿಟ್ಟು ಇಡಿಸಿದೆ. ಬೂಷ್ಟಿನ ಫೋಟೊ ಆಮೇಲೆ ಬಂದಿಲ್ಲ.

ಮುಖ ಕಂಡ ವ್ಯಾಪಾರಕ್ಕೆ ಅದರದ್ದೇ ತೊಂದರೆ ಇದೆ. ನಮ್ಮ ಮನೆಯ ಅನ್ನ ಉಂಡವರ ಹತ್ತಿರ ‘ಅಡ್ವಾನ್ಸ್ ಬಂದರೆ ಮಾತ್ರ ಲೋಡ್’ ಅನ್ನಲು ನಾಲಿಗೆ ಏಳುವುದಿಲ್ಲ. ಅವರು ಈಗ ‘ಅಣ್ಣ’ ಎಂದು ಶುರು ಮಾಡಿ, ಮನೆಯವರನ್ನೆಲ್ಲ ವಿಚಾರಿಸಿ, ಹಪ್ಪಳ ಕೇಳಿ, ಕೊನೆಯಲ್ಲಿ ‘ದುಡ್ಡು ಮುಂದಿನ ವಾರ’ ಅನ್ನುತ್ತಾರೆ. ನಾನು ‘ಆಯ್ತು ಬಿಡಿ’ ಅನ್ನುತ್ತೇನೆ. ಬಾಕಿ ಜಾಸ್ತಿಯಾದಾಗ ಮಾತ್ರ ‘ಡಿಯರ್ ಸರ್, ಕೈಂಡ್ಲಿ ರಿಲೀಸ್ ಪೇಮೆಂಟ್’ ಎಂದು ಬರೆಯುತ್ತೇನೆ. ಅರ್ಧ ಗಂಟೆಯಲ್ಲಿ ದುಡ್ಡು ಬರುತ್ತದೆ, ಹಿಂದಿನಿಂದ ಹೆಬ್ಬೆರಳೂ ಬರುತ್ತದೆ.